ಕೆಸರಲ್ಲಿ ಕೊಟ್ಟ ಕಾರು, ತೊಳೆದು ತೋರಿಸಿದ ಗೀರು

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು,
ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು,
ಚಿಕ್ಕಮಗಳೂರು.

ವಿಷಯ: ಸೆಲ್ಫ್ ಡ್ರೈವ್ ಬಾಡಿಗೆ ಕಾರುಗಳಲ್ಲಿ ಡ್ಯಾಮೇಜ್ ಹೆಸರು ಹೇಳಿ ಡಿಪಾಸಿಟ್ ಹಿಡಿದುಕೊಳ್ಳುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಆಲ್ದೂರು ಕಡೆಯವನು. ಮೂರು ಎಕರೆ ಕಾಫಿ ಇದೆ, ಮನೆಯ ಎರಡು ರೂಮನ್ನು ಹೋಂಸ್ಟೇ ಮಾಡಿಕೊಂಡಿದ್ದೇನೆ. ಪ್ರವಾಸಿಗರು ಬಂದರೆ ನಮಗೆ ನಾಲ್ಕು ಕಾಸು. ಹಾಗಾಗಿ ಬಾಡಿಗೆ ಕಾರು ಕೊಡುವವರ ಮೇಲೆ ನನಗೇನೂ ಹಗೆ ಇಲ್ಲ, ಅವರಿಲ್ಲದಿದ್ದರೆ ಕಡೂರಲ್ಲಿ ರೈಲು ಇಳಿದವರು ನಮ್ಮ ತನಕ ಬರುವುದೇ ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ವಿಷಯ ಎತ್ತಿದಾಗಲೆಲ್ಲ "ನಿಮಗೆ ಹುಡುಗರು ದುಡಿಯೋದು ಕಂಡ್ರೆ ಆಗಲ್ವಾ" ಎಂಬ ಮಾತು ಬಂದಿದೆ.

ಕಳೆದ ಮಳೆಗಾಲದಲ್ಲಿ ನನ್ನ ಕಾರು ಗ್ಯಾರೇಜು ಸೇರಿತ್ತು. ಅಕ್ಕ ಮತ್ತು ಅವಳ ಮಗ ಊರಿಗೆ ಬಂದಿದ್ದರು. ಹೊರನಾಡಿಗೆ ಹೋಗಿ ಬರಬೇಕು ಅಂತ ಅಕ್ಕ ಹಟ ಹಿಡಿದಳು. ಪೇಟೆಯ ಒಬ್ಬ ಹುಡುಗನಿಂದ ಎರಡು ದಿನಕ್ಕೆ ಒಂದು ಕಾರು ಬಾಡಿಗೆಗೆ ಹಿಡಿದೆ. ದಿನಕ್ಕೆ 2,200, ಡಿಪಾಸಿಟ್ 10,000. ಎರಡೂ ಫೋನಲ್ಲೇ ಹಾಕಿದೆ. ಆಧಾರ್ ಮತ್ತು ಡಿಎಲ್ ಫೋಟೊ ವಾಟ್ಸಾಪಿಗೆ ಕಳಿಸಿದೆ. ರಸೀದಿ ಕೇಳಿದ್ದಕ್ಕೆ "ಪೇಮೆಂಟ್ ಸ್ಕ್ರೀನ್‌ಶಾಟೇ ರಸೀದಿ ಸರ್" ಅಂದ. ಇನ್ಶೂರೆನ್ಸ್ ಕೇಳಿದೆ. "ಫುಲ್ ಇನ್ಶೂರೆನ್ಸ್ ಇದೆ, ಆರಾಮಾಗಿ ಹೋಗಿ ಬನ್ನಿ" ಅಂದ. ನಾನೂ ಆರಾಮಾದೆ.

ಶನಿವಾರ ಬೆಳಗ್ಗೆ ಐದೂವರೆಗೆ ಕಾರು ಬಂತು. ಜಿಟಿಜಿಟಿ ಮಳೆ, ಇನ್ನೂ ಕತ್ತಲು. ಹಿಂದಿನ ದಿನ ಯಾರೋ ಮುಳ್ಳಯ್ಯನಗಿರಿ ಕಡೆ ಹೋಗಿ ಬಂದಿರಬೇಕು, ಬಾಗಿಲ ಅರ್ಧದವರೆಗೆ ಕೆಂಪು ಕೆಸರು. ಅವನು ಕೀ ಕೊಟ್ಟ, ಕಿಲೋಮೀಟರಿನ ಫೋಟೊ ತೆಗೆದ, ಗೆಳೆಯನ ಬೈಕ್ ಹತ್ತಿ ಹೋದ. ಒಟ್ಟು ನಾಲ್ಕು ನಿಮಿಷದ ಕೆಲಸ. ನಾವು ಬಾಳೆಹೊನ್ನೂರು, ಮಾಗುಂಡಿ, ಕಳಸದ ಮೇಲೆ ಹೊರನಾಡು ಸೇರಿದೆವು. ಪುಣ್ಯಕ್ಕೆ ಹೆಬ್ಬಾಳೆ ಸೇತುವೆ ಮುಳುಗಿರಲಿಲ್ಲ. ದರ್ಶನ, ಪ್ರಸಾದದ ಊಟ ಎಲ್ಲ ಆಯಿತು. ಭಾನುವಾರ ಸಂಜೆ ಏಳಕ್ಕೆ ಪೇಟೆಗೆ ಬಂದು ಕಾರು ಒಪ್ಪಿಸಿದೆ.

ಒಪ್ಪಿಸಿದ ಜಾಗ ಒಂದು ವಾಟರ್ ಸರ್ವೀಸ್ ಅಂಗಡಿ. ಹುಡುಗ ಮೊದಲು ಪ್ರೆಷರ್ ಪೈಪ್ ಹಿಡಿದು ಕಾರನ್ನು ಫಳಫಳ ತೊಳೆಸಿದ. ಆಮೇಲೆ ಮೊಬೈಲ್ ಟಾರ್ಚ್ ಹಾಕಿಕೊಂಡು ಮಂಡಿಯೂರಿದ. ಮುಂದಿನ ಎಡಗಡೆ ಬಂಪರಿನ ಕೆಳ ಅಂಚಿನಲ್ಲಿ ಎರಡು ಗೀರು. ಒಂದು ಗೇಣುದ್ದ. ಇನ್ನೊಂದು ಚಿಕ್ಕದು, ತುದಿ ಬಗ್ಗಿ ಕೊಕ್ಕೆಯ ಥರ. ನಾನೂ ಬಗ್ಗಿ ನೋಡಿದೆ. ಪ್ರೆಷರ್ ನೀರಿಗೂ ಜಗ್ಗದ ಮಣ್ಣು ಆ ಕೊಕ್ಕೆಯೊಳಗೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಬಂತು. ಎರಡು ದಿನದ ಹಸಿ ಕೆಸರು ಹಾಗಿರಲ್ಲ. ತೋಟದಲ್ಲಿ ಮಣ್ಣಿನ ಜೊತೆಗೇ ಬದುಕಿದವನಿಗೆ ಅಷ್ಟು ಗೊತ್ತಾಗುತ್ತದೆ. ಹೇಳಿದೆ. "ಇಲ್ಲ ಸರ್, ಕೊಡುವಾಗ ಇರಲಿಲ್ಲ" ಅಂದ. ಇತ್ತು ಅನ್ನುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ಇರಲಿಲ್ಲ ಅನ್ನುವುದಕ್ಕೆ ಅವನ ಹತ್ತಿರವೂ ಏನೂ ಇಲ್ಲ. ಆದರೆ ದುಡ್ಡು ಅವನ ಹತ್ತಿರ ಇದೆಯಲ್ಲ.

ಲೆಕ್ಕ ಹೀಗೆ ಬಂತು. ಬಂಪರ್ ಪೇಂಟಿಂಗ್ 6,500. ಕಾರು ಗ್ಯಾರೇಜಿನಲ್ಲಿ ಮೂರು ದಿನ ನಿಲ್ಲುತ್ತದೆ, ಆ ದಿನಗಳ ಬಾಡಿಗೆ 6,600. ಒಟ್ಟು 13,100. ಡಿಪಾಸಿಟ್ ಕಳೆದು ನಾನೇ ಇನ್ನೂ 3,100 ಕೊಡಬೇಕಂತೆ. "ನೀವು ಲೋಕಲ್ ಅಲ್ವಾ ಸರ್, ಅದನ್ನ ಬಿಟ್ಟುಬಿಡ್ತೀನಿ" ಅಂತ ಅವನೇ ಉಪಕಾರ ಮಾಡಿದ. ಅಕ್ಕ ಕಾರಿನ ಪಕ್ಕ ನಿಂತು ಪ್ರಸಾದದ ಕವರ್ ಹಿಡಿದುಕೊಂಡು ನೋಡುತ್ತಿದ್ದಳು. ದೇವಸ್ಥಾನದಿಂದ ಬಂದು ಬೀದಿಯಲ್ಲಿ ಜಗಳ ಬೇಡ ಅಂತ ನಾನೂ ಸುಮ್ಮನಾದೆ. ಮಾರನೇ ದಿನ ನನಗೆ ಪರಿಚಯದ ಟಿಂಕರಿಂಗ್ ಅಂಗಡಿಯಲ್ಲಿ ಫೋಟೊ ತೋರಿಸಿದೆ. 2,800 ಆಗುತ್ತದೆ, ಬೆಳಗ್ಗೆ ಬಿಟ್ಟರೆ ಸಂಜೆಗೆ ಕೊಡುತ್ತೇನೆ ಅಂದರು.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮಲೆನಾಡಿನವರಿಗೆ ಹತ್ತು ಸಾವಿರ ಹೋದರೆ ಹೊಟ್ಟೆ ಉರಿಯುತ್ತದೆ, ಆದರೆ ಅರ್ಜಿ ಬರೆಯುವುದಕ್ಕೆ ಅದಕ್ಕಿಂತ ಜಾಸ್ತಿ ಸೋಮಾರಿತನ.

ಮೂರು ವಾರ ಕಳೆದು ತುಮಕೂರಿನ ಒಂದು ಕುಟುಂಬ ನಮ್ಮ ಹೋಂಸ್ಟೇಗೆ ಬಂತು. ಗಂಡ, ಹೆಂಡತಿ, ಒಂದು ಮಗು. ಅಂಗಳಕ್ಕೆ ಬಂದ ಕಾರನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಒಳಗೆ ಇಣುಕಿದರೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಕಿವಿ ಮುರಿದ ಅದೇ ಗಣಪತಿ. ಕಾಫಿ ಲೋಟ ಕೆಳಗಿಟ್ಟು ಎಡಗಡೆ ಬಂಪರಿಗೆ ಬಗ್ಗಿದೆ. ಗೇಣುದ್ದದ ಗೀರು ಅಲ್ಲೇ ಇದೆ. ಕೊಕ್ಕೆಯೂ ಇದೆ. ನಾನು ಉಗುರಿನಿಂದ ಕೆರೆದ ಜಾಗ ಕೂಡ ಹಾಗೇ ಇದೆ. ಪೇಂಟೂ ಇಲ್ಲ, ಮೂರು ದಿನ ಗ್ಯಾರೇಜೂ ಇಲ್ಲ.

ಅವರಿಗೆ ವಿಷಯ ಹೇಳಿದೆ. ಪಾಪ, ಗಾಬರಿಯಾದರು. ಅವರೂ 10,000 ಡಿಪಾಸಿಟ್ ಕೊಟ್ಟಿದ್ದರು. ಈಗಲೇ ಫೋಟೊ ತೆಗೆದು ಅವನಿಗೆ ವಾಟ್ಸಾಪ್ ಮಾಡಿ, ಫೋನೂ ಮಾಡಿ ಅಂದೆ. ಅವರು ಸ್ಪೀಕರ್ ಹಾಕಿ ಮಾತಾಡಿದರು. "ಹೌದು ಸರ್, ಅದು ಹಳೇದು, ಗೊತ್ತು" ಅಂದ ಹುಡುಗ, ಒಂದು ಕ್ಷಣವೂ ಯೋಚಿಸದೆ. ಅವರ ಡಿಪಾಸಿಟ್ ಪೂರ್ತಿ ವಾಪಸ್ ಬಂತು. ಒಂದು ಫೋಟೊ, ಒಂದು ಫೋನ್, ಅಷ್ಟರಲ್ಲೇ ಹೊಸ ಗೀರು ಹಳೆಯದಾಯಿತು.

ಆಮೇಲೆ ಹೋಗಿ ಅವನನ್ನೇ ಕೇಳಿದೆ. ಕಾರು ಒಂದು ದಿನವೂ ನಿಲ್ಲಲಿಲ್ಲವಲ್ಲಪ್ಪ, ಆ 6,600 ಆದರೂ ವಾಪಸ್ ಕೊಡು ಅಂದೆ. "ಸೀಸನ್ ಮುಗಿದ ಮೇಲೆ ಪೇಂಟ್ ಮಾಡಿಸ್ತೀನಿ, ಆಗ ನಿಲ್ಲುತ್ತೆ ಸರ್" ಅಂದ. ಮತ್ತೆ ತಾನೇ ಮೆತ್ತಗಾಗಿ, ಕಾರಿಗೆ ತಿಂಗಳಿಗೆ ಎಷ್ಟು ಇಎಂಐ ಇದೆ ಅಂತ ಹೇಳಿದ. ಕಳೆದ ತಿಂಗಳು ಯಾರೋ ಕುಡಿದು ಕಾರನ್ನು ಚರಂಡಿಗೆ ಇಳಿಸಿ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಹೋದರಂತೆ. ಝರಿ ಜಲಪಾತದ ಕಡೆಯ ಜೀಪಿನ ದಾರಿಗೆ ಸಣ್ಣ ಕಾರು ನುಗ್ಗಿಸಿದ್ದಾರೆ, ಗಿರಿ ಹತ್ತುವಾಗ ಕ್ಲಚ್ ಸುಟ್ಟು ತಂದಿದ್ದಾರೆ. ಇದು ಸುಳ್ಳಲ್ಲ. ಸುಟ್ಟ ಕ್ಲಚ್ಚಿನ ವಾಸನೆ ನಮ್ಮ ಅಂಗಳಕ್ಕೂ ಎಷ್ಟೋ ಸಲ ಬಂದಿದೆ. ಒಬ್ಬ ಮಾಡಿದ ನಷ್ಟವನ್ನು ಇನ್ನೊಬ್ಬನ ಡಿಪಾಸಿಟ್ಟಿನಲ್ಲಿ ತುಂಬಿಕೊಳ್ಳುವುದು ಹೀಗೇ ಶುರುವಾಗಿರಬೇಕು. ಅವನ ಕಷ್ಟ ಅರ್ಥವಾಗುತ್ತದೆ. ಅದಕ್ಕೆ ನಾನು ಯಾಕೆ ಕೊಡಬೇಕು ಎಂಬುದು ಮಾತ್ರ ಅರ್ಥವಾಗಲಿಲ್ಲ.

ಇನ್ನು ಆ "ಫುಲ್ ಇನ್ಶೂರೆನ್ಸ್" ವಿಷಯ. ಇದು ಗೀರಿಗಿಂತ ದೊಡ್ಡದು, ತಾವು ಇದನ್ನು ವಿಶೇಷವಾಗಿ ಗಮನಿಸಬೇಕು.

ಆ ಕಾರಿನದು ಬಿಳಿ ಬೋರ್ಡ್. ಸೆಲ್ಫ್ ಡ್ರೈವ್ ಬಾಡಿಗೆಗೆ ಲೈಸೆನ್ಸ್ ಇರುವ ಕಾರಿಗೆ ಕಪ್ಪು ಬೋರ್ಡ್, ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಖಾಸಗಿ ಕಾರಿನ ಪಾಲಿಸಿಯಲ್ಲಿ, ಬಾಡಿಗೆಗೆ ಬಳಸುವಂತಿಲ್ಲ ಎಂದೇ ಬರೆದಿರುತ್ತದೆ. ನಮ್ಮ ಮನೆಯ ಇನ್ಶೂರೆನ್ಸ್ ಮಾಡಿಸಿಕೊಡುವ ಏಜೆಂಟರು ನನ್ನ ಪಾಲಿಸಿಯಲ್ಲೇ ಆ ಸಾಲು ತೋರಿಸಿದರು. ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಬಾಡಿಗೆಗೆ ಓಡುವಾಗ ಅಪಘಾತವಾದರೆ ಕಾರಿನ ರಿಪೇರಿಗೆ ಇನ್ಶೂರೆನ್ಸ್ ಕಂಪನಿ ಇಲ್ಲ ಅನ್ನಬಹುದು. ಆಗ ಹುಡುಗ ಯಾರನ್ನು ಹಿಡಿಯುತ್ತಾನೆ? ಸ್ಟೇರಿಂಗ್ ಹಿಡಿದವನನ್ನು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತಡೆಗೋಡೆಗೆ ಗುದ್ದಿ ಎರಡು ಲಕ್ಷದ ಬಿಲ್ ಬಂದರೆ, ಎರಡು ದಿನಕ್ಕೆ ಕಾರು ಹಿಡಿದವನ ಗತಿ ಏನು? ಫುಲ್ ಇನ್ಶೂರೆನ್ಸ್ ಇದೆ ಅಂತ ನಂಬಿಕೊಂಡೇ ಅವನು ಘಾಟಿ ಇಳಿದಿರುತ್ತಾನೆ.

ಎಲ್ಲ ಸರಿಯಿದ್ದ ಪಾಲಿಸಿಯಲ್ಲೂ ಪೂರ್ತಿ ದುಡ್ಡು ಬರುವುದಿಲ್ಲ. ಖಾಸಗಿ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕ ಕಡ್ಡಾಯವಾಗಿ ಹೊರಬೇಕಾದ ಪಾಲು ಇದೆ. 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಗ್ಯಾರೇಜಿನವರು ಇದನ್ನೇ ಫೈಲ್ ಚಾರ್ಜ್ ಅನ್ನುವುದು. ಬಂಪರಿನಂಥ ಪ್ಲಾಸ್ಟಿಕ್ ಭಾಗ ಬದಲಿಸಿದರೆ ಅರ್ಧ ಸವಕಳಿ ಕಳೆಯುತ್ತಾರೆ, ಸವಕಳಿ ಕಳೆಯದ ಝೀರೋ ಡೆಪ್ ಕವರ್ ಇದ್ದರೆ ಮಾತ್ರ ಅದು ಉಳಿಯುತ್ತದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ಸೂ, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದವನಿಗೆ ಅದು 50% ವರೆಗೆ ಇರುತ್ತದೆ. ಆದ್ದರಿಂದ 2,800 ರೂಪಾಯಿ ಗೀರಿಗೆ ಯಾರೂ ಇನ್ಶೂರೆನ್ಸ್ ಮುಟ್ಟುವುದಿಲ್ಲ, ನಾನಾದರೂ ಮುಟ್ಟುತ್ತಿರಲಿಲ್ಲ. ಅದನ್ನು ನೇರವಾಗಿ ಹೇಳಲಿ. "ಸಣ್ಣ ಡ್ಯಾಮೇಜ್ ನಿಮ್ಮ ಮೇಲೆ, ಇಂತಿಷ್ಟು ರೂಪಾಯಿವರೆಗೆ ಮಾತ್ರ, ಅದರ ಮೇಲೆ ನನ್ನದು" ಅಂತ ಕೀ ಕೊಡುವ ಮೊದಲೇ ಒಂದು ಅಂಕಿ ಬರೆದುಕೊಡಲಿ. ಆಗ ಬಾಡಿಗೆ ಹಿಡಿಯುವವನು ಯೋಚನೆ ಮಾಡುತ್ತಾನೆ.

ಆ ಅಂಕಿಗೇ ಹೊರದೇಶದಲ್ಲಿ ಎಕ್ಸೆಸ್ ಅನ್ನುತ್ತಾರಂತೆ. ಅಕ್ಕನ ಮಗ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಾನೆ, ಆವತ್ತು ವಾಟರ್ ಸರ್ವೀಸ್ ಅಂಗಡಿಯಲ್ಲಿ ಅವನೂ ಇದ್ದ. ರಾತ್ರಿ ಊಟಕ್ಕೆ ಕೂತಾಗ ಹೇಳಿದ. "ಮಾವ, ಅಲ್ಲೂ ಇದೇ ಕಾಟ ಇದೆ. ಆದರೆ ಅಲ್ಲಿ ಕಾಗದ ಇರುತ್ತೆ." ಅಲ್ಲಿ ಬಾಡಿಗೆಯ ಜೊತೆಗೇ ಡ್ಯಾಮೇಜಿಗೆ ಒಂದು ರಕ್ಷಣೆ ಬರುತ್ತದೆ. ಆದರೂ ಮೊದಲ ಸಾವಿರ ಪೌಂಡೋ ಇನ್ನೂ ಜಾಸ್ತಿಯೋ ಬಾಡಿಗೆದಾರನ ತಲೆ ಮೇಲೆ. ಆ ಭಾರ ಇಳಿಸುವುದಕ್ಕೆ ಬಾಡಿಗೆ ಕಂಪನಿಯೇ ಕೌಂಟರಿನಲ್ಲಿ ದುಬಾರಿ ಬೆಲೆಗೆ ಇನ್ನೊಂದು ಕವರ್ ಮಾರುತ್ತದೆ. ತಿಳಿದವರು ಅದನ್ನು ಬಿಟ್ಟು, ಮೊದಲೇ ಹೊರಗಿನ ಕಂಪನಿಯಿಂದ ಕಡಿಮೆ ದುಡ್ಡಿಗೆ ಎಕ್ಸೆಸ್ ಇನ್ಶೂರೆನ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಗೀರು ಬಿದ್ದರೆ ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ಆ ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಅದಕ್ಕೆ ಬಾಡಿಗೆ ಕರಾರು, ಕಾರು ಕೊಟ್ಟಾಗಿನ ಮತ್ತು ವಾಪಸ್ ತೆಗೆದುಕೊಂಡಾಗಿನ ಪರಿಶೀಲನೆ ಚೀಟಿ, ರಿಪೇರಿ ಬಿಲ್, ದುಡ್ಡು ಕಟ್ಟಿದ ದಾಖಲೆ ಎಲ್ಲ ಬೇಕು. ಇಲ್ಲಾಂದ್ರೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಹಾಗಾಗಿ ಗಿರಾಕಿ ಬಿಡದೆ ಕಾಗದ ಕೇಳುತ್ತಾನೆ, ಕೊಡದೆ ಬಾಡಿಗೆ ಕಂಪನಿಗೂ ವಿಧಿಯಿಲ್ಲ.

ಅಲ್ಲಿಯವರೂ ತಾವಾಗಿಯೇ ನೆಟ್ಟಗಾದವರಲ್ಲ. ದೂರುಗಳು ಜಾಸ್ತಿಯಾದ ಮೇಲೆ ಯುರೋಪಿನ ಗ್ರಾಹಕ ಅಧಿಕಾರಿಗಳು ಐದು ದೊಡ್ಡ ಬಾಡಿಗೆ ಕಂಪನಿಗಳನ್ನು ಕೂರಿಸಿ ಮಾತಾಡಿದರು. ಡ್ಯಾಮೇಜಿನ ದುಡ್ಡು ಹಿಡಿಯುವ ಮೊದಲು ಗಿರಾಕಿಗೆ ಪ್ರಶ್ನಿಸುವ ಅವಕಾಶ ಕೊಡುತ್ತೇವೆ ಅಂತ 2015ರಲ್ಲಿ ಅವು ಒಪ್ಪಿಕೊಂಡವು. ಕರೆದು ಕೂರಿಸಿ ಮಾತಾಡಿದ್ದಕ್ಕೇ ಅಷ್ಟಾಯಿತು. ಜಿಲ್ಲಾಧಿಕಾರಿಗಳು ಕರೆದರೆ ನಮ್ಮ ಪೇಟೆಯ ಹುಡುಗರು ಬರುವುದಿಲ್ಲವೇ?

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಒಪ್ಪಂದದಲ್ಲಿ ದಂಡದ ಮೊತ್ತ ಎಷ್ಟೇ ಬರೆದಿದ್ದರೂ, ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ ಅಂತ 1872ರ ಕರಾರು ಕಾಯ್ದೆಯ 74ನೇ ಕಲಮೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಿಪರೀತ ಡಿಪಾಸಿಟ್ ಕೇಳುವುದನ್ನೂ, ನಷ್ಟಕ್ಕೆ ತಾಳಮೇಳ ಇಲ್ಲದ ದಂಡವನ್ನೂ ಅನ್ಯಾಯದ ಕರಾರು ಅನ್ನುತ್ತದೆ. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೂರು ಹೇಳಲು 1915 ಸಹಾಯವಾಣಿ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ತುಮಕೂರಿನವರು ತುಮಕೂರಿನಲ್ಲೇ ದೂರು ಕೊಡಬಹುದು. ಆದರೆ ಹತ್ತು ಸಾವಿರಕ್ಕೆ ಎಷ್ಟು ಸಲ ಓಡಾಡುವುದು? ಭಾನುವಾರ ರಾತ್ರಿ ಬಸ್ ಹಿಡಿದು ಸೋಮವಾರ ಆಫೀಸು ಸೇರಬೇಕಾದವನು "ಹೋಗ್ಲಿ ಬಿಡು" ಅಂತ ಹೊರಡುತ್ತಾನೆ. ಈ ಹೋಗ್ಲಿ ಬಿಡು ಮೇಲೆಯೇ ದಂಧೆ ನಿಂತಿದೆ.

ಮಾನ್ಯರೇ, ನಾನು ಕೇಳುವುದು ದೊಡ್ಡದೇನಲ್ಲ. ಮೊದಲನೆಯದಾಗಿ, ಅರ್ಧ ಪುಟದ ಒಂದು ಚೀಟಿ. ಕಾರಿನ ನಾಲ್ಕು ಮಗ್ಗುಲಿನ ಗೆರೆಚಿತ್ರ, ಗೀರು ತಗ್ಗು ಗುರುತಿಸಲು ಜಾಗ, ಟೈರು, ಗಾಜು, ಕಿಲೋಮೀಟರು, ಇಬ್ಬರ ಸಹಿ. ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. ಕಾರನ್ನು ತೊಳೆದು ಕೊಡಲಿ. ತೊಳೆಯದೆ ಕೊಟ್ಟರೆ ತೊಳೆಯದೆಯೇ ನೋಡಿ ವಾಪಸ್ ತೆಗೆದುಕೊಳ್ಳಲಿ. ಚೀಟಿ ಇಲ್ಲದೆ ಕೊಟ್ಟ ಕಾರಿನ ಗೀರಿಗೆ ದುಡ್ಡು ಕೇಳುವಂತಿಲ್ಲ ಅಂತ ಜಿಲ್ಲಾಡಳಿತ ಒಂದು ಮಾತು ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅದೇ ಚೀಟಿಯ ಕೆಳಗೆ ಮೂರು ಸಾಲು ಸೇರಿಸಿ. ಈ ಕಾರಿನ ಇನ್ಶೂರೆನ್ಸ್ ಬಾಡಿಗೆ ಬಳಕೆಗೆ ಅನ್ವಯಿಸುತ್ತದೋ ಇಲ್ಲವೋ, ಡ್ಯಾಮೇಜ್ ಆದರೆ ಬಾಡಿಗೆದಾರ ಕೊಡಬೇಕಾದ ಗರಿಷ್ಠ ಮೊತ್ತ ಎಷ್ಟು, ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್. ಡಿಪಾಸಿಟ್ಟಿನಿಂದ ಹಿಡಿದ ಪ್ರತಿ ರೂಪಾಯಿಗೂ ಗ್ಯಾರೇಜಿನ ಬಿಲ್ ಕೊಡಲಿ. ಕಾರು ನಿಂತ ದಿನದ ಬಾಡಿಗೆ ಕೇಳುವುದಾದರೆ ಕಾರು ನಿಜವಾಗಿಯೂ ನಿಂತಿರಲಿ.

ಇದನ್ನು ಜನರಿಗೆ ಮುಟ್ಟಿಸುವ ದಾರಿಯೂ ತಮ್ಮ ಕೈಯಲ್ಲೇ ಇದೆ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ಬುಕ್ಕಿಂಗ್ ತಂದಿದೆ. ಅದೇ ಜಾಗದಲ್ಲಿ "ಇದು ಬಾಡಿಗೆ ಕಾರೇ? ಫೋಟೊ ತೆಗೆದಿರಾ? ಚೀಟಿ ಪಡೆದಿರಾ?" ಅಂತ ಕೇಳಿದರೆ ಖರ್ಚೇನೂ ಇಲ್ಲ. ಕೈಮರ ಚೆಕ್‌ಪೋಸ್ಟಿನಲ್ಲಿ, ಕಡೂರು ರೈಲು ನಿಲ್ದಾಣದಲ್ಲಿ, ಪೇಟೆಯ ಬಸ್ ನಿಲ್ದಾಣದಲ್ಲಿ ಒಂದೊಂದು ಬೋರ್ಡ್ ಹಾಕಿ. ನಮ್ಮ ಹೋಂಸ್ಟೇಗಳ ಗೋಡೆಗೂ ಕೊಡಿ. ನಮ್ಮ ಮನೆಯಲ್ಲಿ ನಾನೇ ಬರೆದು ಅಂಟಿಸಿದ್ದೇನೆ, ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ.

ಇನ್ನು ಬಿಳಿ ಬೋರ್ಡಿನ ಪ್ರಶ್ನೆ. ಸಾರಿಗೆ ಅಧಿಕಾರಿಗಳು ನಾಳೆಯೇ ಹತ್ತು ಕಾರು ಹಿಡಿದು ದಂಡ ಹಾಕಬಹುದು, ಕಾನೂನು ಅವರ ಕಡೆಗಿದೆ. ಆದರೆ ಒಂದು ಮಾತು. ಕೇಂದ್ರದ 1989ರ ರೆಂಟ್ ಎ ಕ್ಯಾಬ್ ಸ್ಕೀಮ್ ಪ್ರಕಾರ ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕಾರು ಇರಬೇಕು. ಸಾಲ ಮಾಡಿ ಒಂದೋ ಎರಡೋ ಕಾರು ತೆಗೆದುಕೊಂಡ ಹುಡುಗ 50 ಕಾರು ಎಲ್ಲಿಂದ ತರುತ್ತಾನೆ? ನೆಟ್ಟಗೆ ನಡೆಯಬೇಕೆಂದರೂ ಅವನಿಗೆ ದಾರಿ ಇಲ್ಲ. ಅವನು ಕದ್ದುಮುಚ್ಚಿ ನಡೆಸಿದಷ್ಟೂ ರಸೀದಿ ಕೊಡುವುದಿಲ್ಲ, ಇನ್ಶೂರೆನ್ಸ್ ವಿಷಯದಲ್ಲಿ ಸುಳ್ಳು ಹೇಳುತ್ತಾನೆ, ಕೊನೆಗೆ ಗೀರಿನ ದುಡ್ಡು ನಮ್ಮ ಜೇಬಿನಿಂದ ಹೋಗುತ್ತದೆ. ಲೈಸೆನ್ಸ್ ಇರುವ ಕಂಪನಿಯ ಕೆಳಗೆ ಇವರನ್ನು ಸೇರಿಸಲು ಆಗುತ್ತದೋ, ಆ 50ರ ಮಿತಿ ಇಳಿಸಲು ಸರ್ಕಾರದ ಮೂಲಕ ಕೇಂದ್ರಕ್ಕೆ ಬರೆಯಲು ಆಗುತ್ತದೋ, ಅದನ್ನು ತಾವು ನೋಡಬೇಕು. ಅದಾಗುವ ತನಕ, ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಹಿಡಿದರೆ ಏನು ಅಪಾಯ ಅಂತ ಹಿಡಿಯುವವರಿಗೆ ಗೊತ್ತಾಗಬೇಕು. ಬರೀ ದಂಡ ಹಾಕಿ ಕಳಿಸಿದರೆ ಆ ದಂಡವನ್ನೂ ಮುಂದಿನ ಗಿರಾಕಿಯ ಡಿಪಾಸಿಟ್ಟಿನಲ್ಲೇ ಹಿಡಿಯುತ್ತಾರೆ. ಇದು ಊಹೆ, ಆದರೆ ತಪ್ಪಾಗಲಾರದು.

ಹುಡುಗನ ಹೆಸರಾಗಲಿ ಕಾರಿನ ನಂಬರಾಗಲಿ ಇಲ್ಲಿ ಬರೆದಿಲ್ಲ. ಅವನೊಬ್ಬನನ್ನು ಹಿಡಿದರೆ ಈ ಪತ್ರಕ್ಕೆ ಅರ್ಥವಿಲ್ಲ. ಆ 6,600ರ ಬಗ್ಗೆ ನಾನೂ ಅವನೂ ಇನ್ನೂ ಮಾತಾಡುತ್ತಿದ್ದೇವೆ, ಒಂದಲ್ಲ ಒಂದು ದಿನ ಕೊಡುತ್ತಾನೆ ಅನ್ನಿಸುತ್ತದೆ. ಗೀರಿನ ಎರಡು ಫೋಟೊ ನನ್ನ ಹತ್ತಿರ ಇವೆ. ಒಂದು ವಾಟರ್ ಸರ್ವೀಸ್ ಅಂಗಡಿಯಲ್ಲಿ ತೆಗೆದದ್ದು, ಇನ್ನೊಂದು ಮೂರು ವಾರದ ನಂತರ ನಮ್ಮ ಅಂಗಳದಲ್ಲಿ ತೆಗೆದದ್ದು. ಚೀಟಿ ಹೇಗಿರಬಹುದು ಅಂತ ಒಂದು ಹಾಳೆಯಲ್ಲಿ ಗೀಚಿಯೂ ಇಟ್ಟಿದ್ದೇನೆ. ಸಂತೆ ದಿನ ಹೇಗೂ ಪೇಟೆಗೆ ಬರುತ್ತೇನೆ. ಕಚೇರಿಯಿಂದ ಕರೆ ಬಂದರೆ ಮೂರನ್ನೂ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಲ್ದೂರು ಕಡೆಯ ಒಬ್ಬ ಹೋಂಸ್ಟೇ ಮಾಲೀಕ